ಹದಿನೇಳು ಸ್ಟಾಪಿನಾಚೆಯ ದಾರದಂಗಡಿ

ಮಾರ್ಚ್ 3, ಸೋಮವಾರ

ಈ ಪುಸ್ತಕವನ್ನು ನಾನು ಸ್ವಇಚ್ಛೆಯಿಂದ ಬರೆಯುತ್ತಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ದಾಖಲಿಸುತ್ತೇನೆ. ಆಸ್ಪತ್ರೆಯ ತರಬೇತಿ ಅಮ್ಮನವರ ಅಪ್ಪಣೆ ಇದು. ಬಿದ್ದವರನ್ನು ನಡೆಸುವುದು, ನಡೆಯುವವರಿಂದ ಬರೆಸುವುದು ಅವರ ಉದ್ಯೋಗ.

"ದಿನಾ ಎಲ್ಲಿಗೆ ಹೋದ್ರಿ, ಹೇಗೆ ಹೋದ್ರಿ, ಬರೀರಿ. ಯಾರಿಗೂ ತೋರಿಸ್ಬೇಡಿ. ನನಗೂ ಬೇಡ."

"ಯಾರೂ ನೋಡದೇ ಇರೋದನ್ನ ಯಾಕಮ್ಮ ಬರೀಬೇಕು?"

"ತೋರಿಸೋದು ಅಂದ್ರೆ ಸುಳ್ಳು ಬರೀತೀರಿ."

ಇಪ್ಪತ್ಮೂರು ವರ್ಷ ಬಸ್ಸು ಓಡಿಸಿದವನ ಪ್ರಾಮಾಣಿಕತೆಯನ್ನು ಇಷ್ಟು ಸಲೀಸಾಗಿ ಅಳೆದವರು ಇನ್ನೊಬ್ಬರಿಲ್ಲ. ಆದ್ದರಿಂದ ನಿಜವನ್ನೇ ಬರೆಯುತ್ತೇನೆ, ಸೇಡಿಗಾಗಿ.

ಸಂಗತಿ ಇಷ್ಟು. ನಾನು ಹದಿನಾಲ್ಕನೇ ನಂಬರಿನ ಡ್ರೈವರ್. ಬಸ್ ನಿಲ್ದಾಣದಿಂದ ಹೊರಟು ಊರನ್ನೊಂದು ಸುತ್ತು ಹಾಕಿ ಮತ್ತೆ ನಿಲ್ದಾಣಕ್ಕೇ ಬರುವ ಬಸ್ಸು ಅದು. ಒಟ್ಟು ಇಪ್ಪತ್ತೊಂದು ಸ್ಟಾಪು. ಎರಡು ತಿಂಗಳ ಹಿಂದೆ ನನ್ನ ತಲೆಯೊಳಗೆ ಸಾಸಿವೆಕಾಳಿನಷ್ಟು ರಕ್ತ ಹೆಪ್ಪುಗಟ್ಟಿ ಒಂದು ಕಡೆಯ ಸಂಚಾರ ನಿಂತಿತು. ಡಾಕ್ಟರು ಕೂಡಲೇ ತೆರವು ಮಾಡಿಸಿದರು. ಕೈ ಸರಿ ಇದೆ, ಕಾಲು ಸರಿ ಇದೆ, ಕಣ್ಣು ಸರಿ ಇದೆ. ಮಾತು ಕೂಡ ಸರಿ ಇದೆ. ಇದೊಂದನ್ನು ಹೇಳುವಾಗ ಮಾತ್ರ ನನ್ನ ಹೆಂಡತಿ ನಿಟ್ಟುಸಿರು ಬಿಡುತ್ತಾಳೆ. ಹೋದದ್ದು ದಿಕ್ಕು.

ಅಂಚೆ ಕಚೇರಿಯನ್ನು ಕಂಡರೆ ಅದು ಅಂಚೆ ಕಚೇರಿ ಎಂದು ಗೊತ್ತಾಗುತ್ತದೆ. ಅಲ್ಲಿಂದ ನನ್ನ ಮನೆ ಯಾವ ಕಡೆ ಎಂದರೆ ತಲೆ ಖಾಲಿ. ಊರಿನ ಫೋಟೋಗಳೆಲ್ಲ ಭದ್ರವಾಗಿವೆ, ನೇತುಹಾಕಿದ್ದ ಗೋಡೆ ಕಾಣೆಯಾಗಿದೆ.

ಡಿಪೋದಿಂದ ಕಾಗದ ಬಂದಿದೆ. ಏಪ್ರಿಲ್ 14ರಂದು ಪರೀಕ್ಷೆ. ಪರೀಕ್ಷಕರನ್ನು ಕೂರಿಸಿಕೊಂಡು ಖಾಲಿ ಬಸ್ಸಿನಲ್ಲಿ ಹದಿನಾಲ್ಕನೇ ನಂಬರಿನ ಪೂರ್ತಿ ಸುತ್ತು ಹೊಡೆಯಬೇಕು. ಪಾಸಾದರೆ ನನ್ನ ಸೀಟು ನನಗೆ. ಇಲ್ಲದಿದ್ದರೆ 'ಸೂಕ್ತವೆನಿಸಿದ ಇತರ ಕೆಲಸ'. ನಮ್ಮ ಡಿಪೋದಲ್ಲಿ ಯಾರಿಗೆ ಏನು ಸೂಕ್ತವೆನಿಸುತ್ತದೆ ಎಂಬುದನ್ನು ನಾನು ಬಲ್ಲೆ. ಒಬ್ಬ ಒಳ್ಳೇ ಡ್ರೈವರನ್ನು ಟೈರು ಎಣಿಸಲು ಕೂರಿಸಿದ್ದರು. ಪಾಪ, ಅವನು ಈಗ ಮನೆಗೆ ಬಂದ ನೆಂಟರನ್ನೂ ಎಣಿಸುತ್ತಾನಂತೆ.

ಮಾರ್ಚ್ 4, ಮಂಗಳವಾರ

ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಊದಿದವರ ಕೋಟನ್ನು ಬಿಡಿಸುವುದು, ಇಳಿದವರ ಕೋಟನ್ನು ಹಿಡಿಸುವುದು. ಇವತ್ತು ಬೂದಿ ಬಣ್ಣದ ದಾರದುಂಡೆ ತರಲು ನನ್ನನ್ನು ಕಳಿಸಿದಳು. ದಾರದಂಗಡಿ ನನಗೆ ಚೆನ್ನಾಗಿ ಗೊತ್ತು, ಹತ್ತೊಂಬತ್ತನೇ ಸ್ಟಾಪಿನ ಎದುರು. ನಮ್ಮ ಮನೆ ಎರಡನೇ ಸ್ಟಾಪಿನ ಹತ್ತಿರ.

ಎರಡನೇ ಸ್ಟಾಪಿನಿಂದ ನಡೆಯಲು ಶುರು ಮಾಡಿದೆ. ಮೂರು, ನಾಲ್ಕು, ಐದು. ದಾರಿ ಒಂದು ಕಡೆಯೂ ತಪ್ಪಲಿಲ್ಲ. ಪ್ರತಿ ಸ್ಟಾಪಿನಲ್ಲೂ ಅರ್ಧ ನಿಮಿಷ ನಿಂತೆ. ಯಾಕೆಂದು ನನಗೂ ಹೊಳೆಯಲಿಲ್ಲ, ನಿಲ್ಲದೆ ಮುಂದೆ ಹೋಗಲು ಕಾಲು ಒಪ್ಪಲಿಲ್ಲ. ತಿರುವುಗಳಲ್ಲಿ ಫುಟ್‌ಪಾತಿನಿಂದ ಇಳಿದು ಅಗಲವಾಗಿ ತಿರುಗಿದೆ. ಹನ್ನೊಂದನೇ ಸ್ಟಾಪಿನಲ್ಲಿ ಒಬ್ಬಳು ಹೆಂಗಸು ನನ್ನನ್ನು ನೋಡಿ ಪಕ್ಕಕ್ಕೆ ಸರಿದು ನಿಂತಳು.

ಎರಡೂವರೆ ಗಂಟೆಯ ಮೇಲೆ ದಾರದುಂಡೆ ಹಿಡಿದು ಮನೆಗೆ ಬಂದೆ. ಬರುವಾಗ ಇಪ್ಪತ್ತು, ಇಪ್ಪತ್ತೊಂದು, ನಿಲ್ದಾಣ, ಮತ್ತೆ ಮನೆ. ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದಿಲ್ಲವಲ್ಲ.

"ಎಲ್ಲಿ ಹೋಗಿದ್ರಿ?"

"ದಾರದಂಗಡಿಗೆ."

"ಅದು ನಮ್ಮ ಹಿಂದಿನ ಬೀದಿ ಕಣ್ರೀ! ಹಿತ್ತಲಲ್ಲಿ ಸ್ಟೂಲ್ ಹಾಕ್ಕೊಂಡು ನಿಂತ್ರೆ ಅದರ ತಗಡು ಕಾಣುತ್ತೆ!"

ಸ್ಟೂಲು ಹಾಕಿ ನೋಡಿದೆ. ಕಾಣುತ್ತದೆ. ಹದಿನೇಳು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆ ತಗಡು ಯಾರದೆಂದು ವಿಚಾರಿಸುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ.

ಮಾರ್ಚ್ 7, ಶುಕ್ರವಾರ

ತರಬೇತಿ ಅಮ್ಮನವರಿಗೆ ದಾರದ ಕಥೆ ಹೇಳಿದೆ. ನಗಲಿಲ್ಲ. ಅವರು ನಗದಿದ್ದರೆ ನನಗೆ ಭಯವಾಗುತ್ತದೆ.

ದಾರಿ ಕಂಡುಹಿಡಿಯಲು ತಲೆಗೆ ಎರಡು ಉಪಾಯ ಇರುತ್ತದಂತೆ. ಒಂದು ನಕ್ಷೆ, ಮೇಲಿನಿಂದ ನೋಡಿದ ಹಾಗೆ. ಇನ್ನೊಂದು ಸರ, ಇದಾದ ಮೇಲೆ ಅದು, ಅದಾದ ಮೇಲೆ ಮತ್ತೊಂದು. "ನಿಮ್ಮ ನಕ್ಷೆ ಹರಿದಿದೆ. ಸರ ಉಳಿದಿದೆ. ಆದರೆ ಇರೋದು ಒಂದೇ ಸರ, ಅದೂ ಬಸ್ಸಿಂದು."

"ನಕ್ಷೆ ಹೊಲಿಯೋಕಾಗಲ್ವಾ? ನಮ್ಮನೇಲಿ ಮಿಷನ್ ಇದೆ."

"ಹೊಸ ಸರ ಪೋಣಿಸಿ. ನಡೆದು ಪೋಣಿಸಿ. ಒಂದೊಂದೇ ಮಣಿ."

ಮನೆಗೆ ಬಂದರೆ ಹೆಂಡತಿ ಆಗಲೇ ಬೇರೆ ಏನನ್ನೋ ಪೋಣಿಸಿದ್ದಳು. ನನ್ನ ಆರೂ ಶರ್ಟಿನ ಕಾಲರಿನ ಹಿಂದೆ ಒಂದೊಂದು ಬಿಳಿ ಬಟ್ಟೆಯ ಚೀಟಿ, ಅದರ ಮೇಲೆ ಕಪ್ಪು ದಾರದಲ್ಲಿ ಅವಳ ಫೋನ್ ನಂಬರು. ಹೊಲಿಗೆ ಬಹಳ ಅಂದವಾಗಿದೆ. ಒಂದೇ ಅಳತೆಯ ಅಂಕಿಗಳು, ಎಲ್ಲೂ ಎಳೆ ಬಿಟ್ಟಿಲ್ಲ.

"ನಾನೇನು ಶಾಲೆಗೆ ಹೋಗೋ ಮಗುನಾ?"

"ಮಗು ಆದ್ರೆ ಅತ್ತು ಕರೆಯುತ್ತೆ. ನೀವು ಗಂಭೀರವಾಗಿ ನಡ್ಕೊಂಡು ಪಕ್ಕದೂರಿಗೆ ಹೋಗಿಬಿಡ್ತೀರಿ."

ಮಾರ್ಚ್ 11, ಮಂಗಳವಾರ

ಬೆಕ್ಕಿನ ವಿಷಯ ಬರೆಯಬೇಕಾಗಿದೆ. ನಮ್ಮ ಮನೆಗೊಂದು ಕಂದು ಬೆಕ್ಕು ಬರುತ್ತದೆ. ಟಿಕೆಟ್ ಇಲ್ಲದೆ ಎಲ್ಲೆಂದರಲ್ಲಿ ಹತ್ತಿ ಎಲ್ಲರನ್ನೂ ತಪಾಸಣೆ ಮಾಡುವುದರಿಂದ ಇನ್ಸ್‌ಪೆಕ್ಟರ್ ಎಂದು ಕರೆಯುತ್ತೇವೆ. ಇವತ್ತು ಗಿರಾಕಿಯೊಬ್ಬರ ಕರಿ ಕೋಟಿನ ಮೇಲೆ ಮೂರು ಗಂಟೆ ಮಲಗಿ ಎದ್ದಿತು. ಕೋಟು ಕಂದು ಬಣ್ಣಕ್ಕೆ ತಿರುಗಿತ್ತು.

ಸಂಜೆ ಪೀಪಿ ಬಂದ. ಪೀಪಿ ಅಂದರೆ ನನ್ನ ಬಸ್ಸಿನ ಕಂಡಕ್ಟರ್. ಹತ್ತೊಂಬತ್ತು ವರ್ಷದಿಂದ ನನ್ನ ಬೆನ್ನ ಹಿಂದೆ ವಿಷಲ್ ಊದುತ್ತಿರುವ ಪುಣ್ಯಾತ್ಮ. ಹೆಂಡತಿ ಬೆಕ್ಕನ್ನು ಬಟ್ಟೆ ಚೀಲದಲ್ಲಿ ಹಾಕಿ ಅವನ ಕೈಗೆ ಕೊಟ್ಟಳು. "ಅಣ್ಣಾ, ಇದನ್ನ ಎಲ್ಲಾದ್ರೂ ದೂರ ಬಿಟ್ಟು ಬಾ. ಮೀನಿನ ಮಾರ್ಕೆಟ್ ಹತ್ರ ಬಿಡು, ಸುಖವಾಗಿರ್ಲಿ."

"ಹನ್ನೆರಡನೇ ಸ್ಟಾಪಿಗೆ ಬಿಡ್ತೀನಿ ಅತ್ತಿಗೆ. ಮುಚ್ಚಿದ ಚೀಲದಲ್ಲಿ ಕತ್ತಲೆ ಪ್ರಯಾಣ. ದಾರಿ ಸಿಗೋ ಮಾತೇ ಇಲ್ಲ."

ಹೋಗುವಾಗ ಚೀಲದೊಳಗಿಂದ ಸದ್ದೇ ಇರಲಿಲ್ಲ. ಎಣಿಸುತ್ತಿತ್ತೋ ಏನೋ.

ಮಾರ್ಚ್ 14, ಶುಕ್ರವಾರ

ಕ್ಷೌರದಂಗಡಿಗೆ ಹೋದೆ. ಬರುವಾಗ ಒಂದು ಕೂಡುರಸ್ತೆಯಲ್ಲಿ ನಿಂತೆ. ನಾಲ್ಕು ರಸ್ತೆ, ನಾಲ್ಕೂ ಸರಿಯಾದ ರಸ್ತೆಯ ಹಾಗೇ ಕಂಡವು. ಕಂಬ ಹಿಡಿದು ನಲವತ್ತು ನಿಮಿಷ ನಿಂತಿದ್ದೆ. ಯಾರೋ ಒಬ್ಬಾಕೆ ಹಿಂದಿನಿಂದ ಬಂದು ಕಾಲರ್ ಓದಿ ಫೋನ್ ಮಾಡಿದರು. ಹೆಂಡತಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದಳು. ಮನೆ ಅಲ್ಲಿಂದ ಎರಡು ಬೀದಿ.

ಮನೆಯ ತನಕ ನನ್ನ ತೋಳು ಹಿಡಿದೇ ಬಂದಳು. ಕ್ಷೌರ ಚೆನ್ನಾಗಿ ಆಗಿದೆ.

ಮಾರ್ಚ್ 16, ಭಾನುವಾರ

ಇನ್ಸ್‌ಪೆಕ್ಟರ್ ವಾಪಸ್ ಬಂದಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೂತು ಕಾಲು ನೆಕ್ಕುತ್ತಿತ್ತು. ಒಂದು ಕಿವಿ ಸ್ವಲ್ಪ ಹರಿದಿದೆ, ಹೊಟ್ಟೆ ಒಳಗೆ ಹೋಗಿದೆ, ಉಳಿದಂತೆ ಗತ್ತಿಗೆ ಕೊರತೆಯಿಲ್ಲ. ಐದು ದಿನ. ನಾನು ಹನ್ನೆರಡನೇ ಸ್ಟಾಪಿನಿಂದ ನಡೆದುಕೊಂಡು ಬರಬಲ್ಲೆ, ಆದರೆ ಬಸ್ಸಿನ ದಾರಿಯಲ್ಲಿ ಮಾತ್ರ. ಇದು ಆ ದಾರಿಯನ್ನು ಕಂಡೇ ಇಲ್ಲ. ಚೀಲದಲ್ಲಿತ್ತು.

ನನಗೆ ಹೊಟ್ಟೆಕಿಚ್ಚಾಯಿತು ಎಂದು ಇಲ್ಲಿ ನಮೂದಿಸುತ್ತೇನೆ, ತೋರಿಸುವುದಿಲ್ಲವಾದ್ದರಿಂದ ಅಡ್ಡಿಯಿಲ್ಲ. ಐವತ್ನಾಲ್ಕು ವರ್ಷದವನು, ಲೈಸೆನ್ಸ್ ಇರುವವನು, ಅಪಘಾತವಿಲ್ಲದ ಸೇವೆಗೆ ಎರಡು ಸಲ ಗಡಿಯಾರ ಬಹುಮಾನ ಪಡೆದವನು. ಅದರ ತಲೆ ನನ್ನ ಮುಷ್ಟಿಯಷ್ಟಿಲ್ಲ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಹಾಲು ತಂದಿಟ್ಟಳು. "ಇಷ್ಟು ಕಷ್ಟಪಟ್ಟು ಬಂದಿದೆ. ಇನ್ನು ಓಡಿಸಿದ್ರೆ ನನಗೆ ಮನುಷ್ಯತ್ವ ಇಲ್ಲ ಅಂತಾಗುತ್ತೆ."

ಕರಿ ಕೋಟುಗಳಿಗೆ ಇನ್ನು ಮುಂದೆ ಬೀರುವಿನಲ್ಲಿ ಜಾಗ.

ಮಾರ್ಚ್ 19, ಬುಧವಾರ

ಸಂಶೋಧನೆ ಆರಂಭಿಸಿದ್ದೇನೆ. ವಿಷಯ: ಇನ್ಸ್‌ಪೆಕ್ಟರ್ ದಿನಾ ಮಧ್ಯಾಹ್ನ ಮೂರಕ್ಕೆ ಹಿತ್ತಲ ಗೋಡೆ ಹಾರಿ ಎಲ್ಲಿಗೆ ಹೋಗುತ್ತದೆ? ವಿಧಾನ: ಹಿಂದೆ ಹೋಗುವುದು. ಗೋಡೆ ಹಾರುವುದು ನನ್ನ ಘನತೆಗೆ ತಕ್ಕದ್ದಲ್ಲವಾದ್ದರಿಂದ ಹಿತ್ತಲ ಬಾಗಿಲಿನ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟೆ.

ಮೊದಲ ದಿನದ ಫಲಿತಾಂಶ: ನೀಲಿ ಗೇಟಿನ ತನಕ ಹಿಂಬಾಲಿಸಿದೆ. ಅದು ತಿರುಗಿ ನೋಡಿತು. ನಾನು ಮೋಡ ನೋಡಿದೆ. ಅಷ್ಟರಲ್ಲಿ ಮಾಯವಾಗಿತ್ತು. ನೀಲಿ ಗೇಟಿನಿಂದ ಹಿಂದಿರುಗಿದೆ.

ತಿರುಗುವಾಗ ಹೆಂಡತಿ ಬೀದಿಯಲ್ಲಿ ಸಿಕ್ಕಳು. ಗುಂಡಿ ತರಲು ಹೊರಟಿದ್ದಳಂತೆ. ಕಳೆದ ಶುಕ್ರವಾರದಿಂದ ಇವಳಿಗೆ ನಾನು ಹೊರಟಾಗಲೆಲ್ಲ ಗುಂಡಿ ಮುಗಿಯುತ್ತಿದೆ. ಇಷ್ಟು ಗುಂಡಿಗಳನ್ನು ಯಾವ ಕೋಟಿಗೆ ಹಚ್ಚುತ್ತಾಳೋ ಆ ಕೋಟನ್ನೊಮ್ಮೆ ನೋಡಬೇಕು.

ಮಾರ್ಚ್ 20, ಗುರುವಾರ

ನೀಲಿ ಗೇಟು, ಮುರಿದ ನಲ್ಲಿ. ಅಲ್ಲಿ ತಪ್ಪಿಸಿಕೊಂಡಿತು.

ಮಾರ್ಚ್ 22, ಶನಿವಾರ

ನೀಲಿ ಗೇಟು, ಮುರಿದ ನಲ್ಲಿ, ಬೇಕರಿಯ ಹಿಂಬಾಗಿಲು (ಬಿಸಿ ಬನ್ನಿನ ವಾಸನೆ), ವಾಲಿದ ಲೈಟು ಕಂಬ. ಬೆಕ್ಕು ಮೂಲೆ ಬಂದಾಗಲೆಲ್ಲ ನಿಲ್ಲುತ್ತದೆ ಎಂಬುದನ್ನು ಗಮನಿಸಿದೆ. ವಾಲಿದ ಕಂಬಕ್ಕೆ ಕೆನ್ನೆ ಉಜ್ಜುತ್ತದೆ, ಒಂದು ಸಲ ಈ ಕೆನ್ನೆ, ಒಂದು ಸಲ ಆ ಕೆನ್ನೆ, ಆಮೇಲಷ್ಟೆ ಮುಂದೆ ಹೋಗುತ್ತದೆ. ಅವಸರವೇ ಇಲ್ಲ. ಸ್ಟಾಪಿನಲ್ಲಿ ನಿಲ್ಲುವುದು ನನ್ನೊಬ್ಬನ ರೋಗ ಎಂದುಕೊಂಡಿದ್ದೆ.

ನಾನೂ ಕಂಬವನ್ನು ಮುಟ್ಟಿ ನೋಡಿದೆ. ಕೆನ್ನೆಯಿಂದಲ್ಲ, ಕೈಯಿಂದ. ತಣ್ಣಗಿದೆ, ಬುಡದಲ್ಲಿ ಬಣ್ಣ ಎದ್ದಿದೆ.

ಮಾರ್ಚ್ 25, ಮಂಗಳವಾರ

ಸಂಶೋಧನೆ ಒಂದು ಬಾಗಿಲಿನಲ್ಲಿ ಮುಗಿಯಿತು. ಬೇಕರಿ ದಾಟಿ, ಕಂಬದ ಬಲಕ್ಕೆ, ಓಣಿ ಇಬ್ಬರು ಎದುರುಬದುರು ಹೋದರೆ ಭುಜ ತಾಗುವಷ್ಟು ಕಿರಿದಾಗುವ ಕಡೆ ಮೂರು ಕಲ್ಲು ಮೆಟ್ಟಿಲು. ಒಳಗೆ ಬೀಗ ರಿಪೇರಿ ಅಂಗಡಿ. ಗೋಡೆಯ ತುಂಬ ಬೀಗದ ಕೈಗಳು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಒಬ್ಬ ಅಜ್ಜಿ ಅರ ಹಿಡಿದು ಬೀಗದ ಕೈಯೊಂದನ್ನು ಉಜ್ಜುತ್ತಿದ್ದರು. ನಮ್ಮ ಇನ್ಸ್‌ಪೆಕ್ಟರ್ ಕಿಟಕಿ ಹಾರಿ ನೇರವಾಗಿ ಹೋಗಿ ಅವರ ಮಡಿಲೇರಿತು.

"ಬಂದ್ಯಾ ಮಗಳೇ? ಇವತ್ತು ಲೇಟು."

"ಅಜ್ಜಿ, ಅದು ನಮ್ಮನೆ ಬೆಕ್ಕು. ಗಂಡು."

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದರು. "ನಲವತ್ತು ವರ್ಷ ಬೀಗ ರಿಪೇರಿ ಮಾಡಿದೀನಪ್ಪ. ಯಾವುದು ಏನು ಅಂತ ನನಗೆ ಗೊತ್ತಾಗುತ್ತೆ." ಮತ್ತೆ ದಿಟ್ಟಿಸಿದರು. "ನಿನ್ನನ್ನ ಎಲ್ಲೋ ನೋಡಿದೀನಲ್ಲ. ತಡಿ ತಡಿ. ಹದಿನಾಲ್ಕನೇ ನಂಬರಿನ ಡ್ರೈವರ್ ಅಲ್ವಾ ನೀನು? ನಾನು ಕೈ ಬೀಸ್ಕೊಂಡು, ಚಪ್ಪಲಿ ಕಿತ್ಕೊಂಡು ಓಡಿ ಬಂದ್ರೂ ನಿಲ್ಲಿಸದೆ ಹೋದ ಮಹಾನುಭಾವ!"

"ಯಾವಾಗ ಅಜ್ಜಿ?"

"ಯಾವಾಗ ಅಂತ ಕೇಳ್ತಾನೆ! ಒಂದ್ಸಲ ಆಗಿದ್ರೆ ದಿನ ಹೇಳ್ಬೋದು."

ಸ್ಟಾಪು ಬಿಟ್ಟು ಬೇರೆ ಕಡೆ ನಿಲ್ಲಿಸುವುದು ನಿಯಮಬಾಹಿರ ಎಂದೆ. "ನನ್ನ ಅಂಗಡಿಗೆ ಬಾಗಿಲು ಬಿಟ್ಟು ಬೇರೆ ಕಡೆಯಿಂದ ಬರೋದೂ ನಿಯಮಬಾಹಿರವೇ, ಆದ್ರೂ ನಿನ್ನ ಬೆಕ್ಕು ಕಿಟಕಿಯಿಂದ ಬರುತ್ತೆ, ನಾನೇನಾದ್ರೂ ಅಂದೆನಾ?" ಎಂದರು ಅಜ್ಜಿ. ಟೀ ಕೊಟ್ಟರು. ಐದು ದಿನ ಮಗಳು ಕಾಣದೆ ಎರಡು ಬೀಗಕ್ಕೆ ತಪ್ಪು ಬೀಗದ ಕೈ ಮಾಡಿದ್ದರಂತೆ. ಮೀನಿನ ಮಾರ್ಕೆಟ್ಟಿನ ವಿಷಯವನ್ನು ನಾನು ಎತ್ತಲಿಲ್ಲ.

ಅಂದರೆ ಬೆಕ್ಕು ಆ ಐದು ದಿನ ನಡೆದು ಬಂದದ್ದು ನಮ್ಮ ಮನೆಗೋ, ಈ ಮೆಟ್ಟಿಲಿಗೋ? ಹೆಂಡತಿಗೆ ಹೇಳಬಾರದು. ಹಾಲು ನಿಲ್ಲಿಸಿಯಾಳು.

ಮಾರ್ಚ್ 28, ಶುಕ್ರವಾರ

ಬೀಗದಜ್ಜಿಯ ಅಂಗಡಿ. ಇವತ್ತು ಬೆಕ್ಕು ಬಂದಿರಲಿಲ್ಲ, ನಾನು ಮಾತ್ರ ಹೋಗಿದ್ದೆ. ಕೂತುಕೊಂಡು ಬೀಗದ ಕೈಗಳನ್ನು ವಿಂಗಡಿಸಿ ಕೊಟ್ಟೆ.

ಏಪ್ರಿಲ್ 2, ಬುಧವಾರ

ವಾಲಿದ ಕಂಬದ ಎದುರಿನ ರಸ್ತೆ ಹಿಡಿದು ದಾರದಂಗಡಿಗೆ ಹೋಗಿ ಹಸಿರು ದಾರ ತಂದೆ. ಹಸಿರಿನಲ್ಲೂ ಜಾತಿಗಳಿವೆಯಂತೆ. "ಇದು ಗಿಳಿ ಹಸಿರು ರೀ, ನಾನು ಹೇಳಿದ್ದು ಬಾಟ್ಲಿ ಹಸಿರು" ಎಂದು ಮರಳಿ ಕಳಿಸಿದಳು. ಹೋಗಿ ಬದಲಾಯಿಸಿ ತಂದೆ. ಆಗ ಸೂಜಿ ಮುರಿಯಿತು. ಮತ್ತೆ ಹೋಗಿ ಬಂದೆ. ಒಟ್ಟು ಮೂರು ಸಲ. ಒಂದು ಸಲಕ್ಕೆ ಹನ್ನೊಂದು ನಿಮಿಷ ಎಂದಿಟ್ಟುಕೊಂಡರೂ ನನ್ನ ಮಧ್ಯಾಹ್ನದ ನಿದ್ದೆ ಪೂರ್ತಿ ಹಾಳು. ಬೇಕೆಂದೇ ಕಳಿಸುತ್ತಾಳೋ ಎಂಬ ಗುಮಾನಿ. ಮೂರನೇ ಸಲ ಬಂದಾಗ ನನ್ನನ್ನು ನೋಡಿ ಸುಮ್ಮನೆ ನಗುತ್ತಿದ್ದಳು. ನಿದ್ದೆಗೆಟ್ಟವನ ಮುಖದಲ್ಲಿ ನಗುವಂಥದ್ದೇನಿದೆ?

ಈಗೀಗ ಇವಳಿಗೆ ಗುಂಡಿ ಬೇಕಾಗುತ್ತಿಲ್ಲ. ಫ್ಯಾಶನ್ ಬದಲಾಗಿರಬೇಕು.

ಪರೀಕ್ಷೆಗೆ ಹನ್ನೆರಡು ದಿನ.

ಏಪ್ರಿಲ್ 5, ಶನಿವಾರ

ಪೀಪಿ ಬಂದು ಬಾಗಿಲು ಹಾಕಿದ. ಬಾಗಿಲು ಹಾಕಿ ಹೇಳುವ ಮಾತು ಅವನಲ್ಲಿರುವುದು ಇದೇ ಮೊದಲು; ಸಾಮಾನ್ಯವಾಗಿ ಅವನು ಗುಟ್ಟನ್ನೂ ಕೊನೇ ಸೀಟಿನವರಿಗೆ ಕೇಳುವ ಹಾಗೆ ಹೇಳುತ್ತಾನೆ.

"ಗುರುವೇ, ಪರೀಕ್ಷೆ ದಿನ ಕಂಡಕ್ಟರ್ ಜಾಗದಲ್ಲಿ ನನ್ನನ್ನೇ ಹಾಕಿದಾರೆ."

"ಒಳ್ಳೇದಾಯ್ತು."

"ಸುತ್ತು ಹೇಗೂ ನಿನಗೆ ಬಾಯಿಪಾಠ. ಅಪ್ಪಿತಪ್ಪಿ ಎಲ್ಲಾದ್ರೂ ಮಂಕು ಕವಿದ್ರೆ ನಾನಿದೀನಿ. ವಿಷಲ್ ಊದಿದ್ರೆ ಪರೀಕ್ಷಕರಿಗೆ ಗೊತ್ತಾಗುತ್ತೆ. ಅದಕ್ಕೇ ಕೆಮ್ತೀನಿ. ಒಂದು ಕೆಮ್ಮು ಎಡಕ್ಕೆ. ಎರಡು ಕೆಮ್ಮು ಬಲಕ್ಕೆ."

"ನೇರಕ್ಕೆ?"

ಯೋಚಿಸಿದ. "ನೇರಕ್ಕೆ ಆರೋಗ್ಯವಾಗಿರ್ತೀನಿ."

ಅಭ್ಯಾಸ ಮಾಡಿದೆವು. ಅವನು ಹಿಂದೆ ನಿಂತು ಕೆಮ್ಮುವುದು, ನಾನು ಕುರ್ಚಿಯಲ್ಲಿ ಕೂತು ಊಟದ ತಟ್ಟೆಯನ್ನು ತಿರುಗಿಸುವುದು. ಹೆಂಡತಿ ಹೊರಗಿನಿಂದ ಕೂಗಿದಳು: "ಇಬ್ರಿಗೂ ನಾಯಿಕೆಮ್ಮು ಬಂತಾ? ಕಷಾಯ ಮಾಡ್ಲಾ?" ಮಾಡಿಯೇಬಿಟ್ಟಳು. ಇಬ್ಬರೂ ಕುಡಿಯಬೇಕಾಯಿತು. ಮೋಸಕ್ಕೆ ಶಿಕ್ಷೆ ಇಷ್ಟು ಬೇಗ, ಇಷ್ಟು ಕಹಿಯಾಗಿ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಪ್ರಿಲ್ 10, ಗುರುವಾರ

ತರಬೇತಿ ಅಮ್ಮನವರು "ಆ ಸೀಟು ನಿಮಗೆ ಯಾಕೆ ಬೇಕು?" ಎಂದು ಕೇಳಿದರು. ಸಂಬಳ ಎಂದೆ. ಬೇರೆ ಕೆಲಸಕ್ಕೂ ಅಷ್ಟೇ ಸಂಬಳ ಅಂತ ಕಾಗದದಲ್ಲಿ ಬರೆದಿದೆಯಲ್ಲ ಎಂದರು. ಅವರು ಕಾಗದವನ್ನು ಪೂರ್ತಿ ಓದುತ್ತಾರೆ. ಇದು ಅವರ ದೊಡ್ಡ ದೋಷ.

ಮನೆಗೆ ಬಂದು ಯೋಚಿಸಿದೆ. ಬೇರೆ ಎಲ್ಲಿದ್ದರೂ ನಾನು ಊರಿನೊಳಗೆ ಹೋಗಬೇಕು. ಆ ಸೀಟಿನಲ್ಲಿ ಕೂತರೆ ಮಾತ್ರ ಊರು ತಾನಾಗಿ ನನ್ನ ಕಡೆಗೆ ಬರುತ್ತಿತ್ತು, ಗಾಜಿನ ತುಂಬ, ಒಂದಾದ ಮೇಲೊಂದು, ಸರದಿಯಲ್ಲಿ. ಬೆನ್ನ ಹಿಂದೆ ನಲವತ್ತೆರಡು ಸೀಟು. ಕೆಲವರು ನಿದ್ದೆ ಮಾಡುತ್ತಿದ್ದರು. ನಿದ್ದೆ ಮಾಡುವವರನ್ನು ಕನ್ನಡಿಯಲ್ಲಿ ಕಂಡರೆ ನನಗೆ ಯಾವಾಗಲೂ ಖುಷಿಯಾಗುತ್ತಿತ್ತು. ಯಾಕೆ ಎಂದು ಇವತ್ತೇ ಕೇಳಿಕೊಂಡದ್ದು. ಅವರು ದಾರಿಯನ್ನು ನನಗೆ ಬಿಟ್ಟಿದ್ದರು.

ಇದನ್ನು ಅಮ್ಮನವರಿಗೆ ಹೇಳುವುದಿಲ್ಲ.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಬಸ್ಸು ಹೊರಟಿತು. ಸೀಟಿನ ಹಳ್ಳ ನನ್ನ ಅಳತೆಯಲ್ಲೇ ಇತ್ತು. ಮೂರು ತಿಂಗಳಿಗೂ ಹೆಚ್ಚು ಕಾಲ ಬೇರೆಯವರು ಕೂತಿದ್ದರೂ ಬದಲಾಗಿಲ್ಲ. ಪರೀಕ್ಷಕರು ಎಡಗಡೆಯ ಮೊದಲ ಸೀಟಿನಲ್ಲಿ ಪಟ್ಟಿ ಹಿಡಿದು ಕೂತರು. ನಗು ಮುಖದವರು. ಪರೀಕ್ಷಕರಲ್ಲಿ ಇದು ಒಳ್ಳೆಯ ಲಕ್ಷಣವಲ್ಲ.

ಒಂದರಿಂದ ಹದಿನೇಳರ ತನಕ ಬೆಣ್ಣೆ. ಸ್ಟಾಪಿಗೆ ನಿಂತೆ, ಕನ್ನಡಿ ನೋಡಿದೆ, ಹೊರಟೆ. ಪರೀಕ್ಷಕರು ಪಟ್ಟಿಯ ಮೇಲೆ ಸರಸರ ಟಿಕ್ ಹಾಕುತ್ತಿದ್ದರು. ಪೀಪಿ ಪೂರ್ಣ ಆರೋಗ್ಯದಿಂದಿದ್ದ.

ಹದಿನೇಳು ದಾಟಿದ ಮೇಲೆ ರಸ್ತೆ ಇರಲಿಲ್ಲ. ನೀರಿನ ಪೈಪಿಗೆಂದು ಅಡ್ಡಲಾಗಿ ಅಗೆದಿದ್ದರು. 'ಮಾರ್ಗ ಬದಲಾವಣೆ' ಎಂಬ ಹಲಗೆ ಬಿದ್ದುಹೋಗಿ ಅದರ ಬಾಣ ಆಕಾಶವನ್ನು ತೋರಿಸುತ್ತಿತ್ತು. ಎಡಕ್ಕೊಂದು ರಸ್ತೆ, ಬಲಕ್ಕೊಂದು. ನನ್ನ ಸರದ ದಾರ ಅಲ್ಲಿಗೆ ತುಂಡಾಯಿತು. ಗಾಜಿನಾಚೆ ಎರಡು ಫೋಟೋ, ಗೋಡೆಯಿಲ್ಲ.

ಪೀಪಿ ಕೆಮ್ಮಿದ. ಒಂದು. ಎಡಕ್ಕೆ ಎಂದುಕೊಂಡು ಇಂಡಿಕೇಟರಿಗೆ ಕೈ ಹಾಕುವಷ್ಟರಲ್ಲಿ ಅಗೆದ ಮಣ್ಣಿನ ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಪರೀಕ್ಷಕರು ಕೆಮ್ಮಿದರು, ಎರಡು. ಪೀಪಿ ಮತ್ತೆ ಕೆಮ್ಮಿದ, ಈ ಸಲ ನಿಜವಾಗಿಯೇ, ನಾಲ್ಕೋ ಐದೋ. ಪರೀಕ್ಷಕರು ಮತ್ತೆ ಮೂರು. ಕೊನೆಗೆ ನಾನೂ ಕೆಮ್ಮಿದೆ. ಆ ಎರಡು ನಿಮಿಷದಲ್ಲಿ ಆ ಬಸ್ಸು ಊರಿನ ಎಲ್ಲ ದಿಕ್ಕಿಗೂ ಹೋಗಿ ಬಂದಿರಬೇಕು.

ಧೂಳು ಇಳಿಯಿತು. ಆಮೇಲೆ ಪೀಪಿ ಗಂಟಲು ಸರಿ ಮಾಡಿಕೊಂಡು, ನಿಧಾನವಾಗಿ, ಬಿಡಿಬಿಡಿಯಾಗಿ ಎರಡು ಕೆಮ್ಮಿದ. ಹತ್ತೊಂಬತ್ತು ವರ್ಷದ ಗಂಟಲು, ನನಗೆ ತಪ್ಪುವುದಿಲ್ಲ. ಮೊದಲಿನ ಒಂದು ಧೂಳಿನದಿರಬೇಕು, ಇದು ಅವನದೇ. ಬಲಕ್ಕೆ.

ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಎನ್ನತೊಡಗಿತು. ಅಭ್ಯಾಸದಂತೆ ಕನ್ನಡಿ ನೋಡಿದೆ. ನಲವತ್ತೆರಡು ಖಾಲಿ ಸೀಟು.

ಇಂಡಿಕೇಟರ್ ಆರಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಇಂಜಿನ್ ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದ್ರಿ?" ಪರೀಕ್ಷಕರು ಕೇಳಿದರು.

"ಯಾವ ಕಡೆ ಅಂತ ಗೊತ್ತಾಗ್ತಾ ಇಲ್ಲ ಸಾರ್."

"ಅಂದಾಜಿಗೆ ಒಂದು ಕಡೆ ತಿರುಗಿಸಿ ನೋಡಬಹುದಿತ್ತಲ್ಲ."

"ಖಾಲಿ ಬಸ್ಸಲ್ಲಿ ನೋಡಬಹುದು ಸಾರ್."

ಅವರು ಪೆನ್ನಿನ ಮುಚ್ಚಳ ಹಾಕಿದರು. ಹಿಂದಿನಿಂದ ಪೀಪಿ, "ಕೆಮ್ಮಿ ಕೆಮ್ಮಿ ಗಂಟಲು ಹರಿದೋಯ್ತಲ್ಲೋ ಪುಣ್ಯಾತ್ಮ!" ಎಂದು ಗುಟ್ಟಾಗಿ ಹೇಳಿದ. ಕೊನೇ ಸೀಟಿಗೆ ಕೇಳಿಸಿತು. ಪರೀಕ್ಷಕರು ಕೇಳಿಸದವರ ಹಾಗೆ ಕಿಟಕಿಯಾಚೆ ನೋಡಿದರು. ದೊಡ್ಡ ಮನುಷ್ಯರು.

ಇಳಿದು ನಿಂತೆ. ಅರೆ, ಬಲಗಡೆಯ ರಸ್ತೆಯ ಬಾಯಿಯಲ್ಲಿ ವಾಲಿದ ಲೈಟು ಕಂಬ, ಇನ್ಸ್‌ಪೆಕ್ಟರ್ ಕೆನ್ನೆ ಉಜ್ಜುವುದು. ಎತ್ತರದ ಸೀಟಿನಿಂದ ಗುರುತೇ ಸಿಕ್ಕಿರಲಿಲ್ಲ. ಕೈಯಿಟ್ಟು ನೋಡಿದೆ. ಅದೇ, ಬುಡದಲ್ಲಿ ಬಣ್ಣ ಎದ್ದದ್ದು.

ಪರೀಕ್ಷಕರು ತಾವೇ ಸ್ಟಿಯರಿಂಗ್ ಹಿಡಿದಿದ್ದರು, ಬಲಕ್ಕೆ ತಿರುಗಿಸಿದ್ದರು ಕೂಡ. ಬಾಗಿಲು ಬಡಿದು ಹೇಳಿದೆ: "ಸಾರ್, ಬಲಕ್ಕೆ ಬೇಡಿ. ಮೊದಲು ಅಗಲ ಇದೆ, ಆಮೇಲೆ ಇಬ್ರು ಎದುರುಬದುರು ಹೋಗೋಕಾಗಲ್ಲ. ಬೀಗದಜ್ಜಿ ಮೆಟ್ಟಿಲಿಗೆ ಬಂಪರ್ ತಾಗುತ್ತೆ, ಆಮೇಲೆ ಅವರ ಬಾಯಿಂದ ನಿಮ್ಮನ್ನ ಯಾರೂ ಬಿಡಿಸೋಕಾಗಲ್ಲ. ಎಡಕ್ಕೆ ಹೋಗಿ. ದಾರದಂಗಡಿ ಮುಂದೆ ಹತ್ತೊಂಬತ್ತನೇ ಸ್ಟಾಪಿಗೆ ಸೇರುತ್ತೆ."

ಪರೀಕ್ಷಕರು ಬ್ರೇಕ್ ಹಾಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಿಮಗೆ ದಾರಿ ಗೊತ್ತಿಲ್ಲ ಅಂದ್ರಿ."

"ಬಸ್ಸಿನ ದಾರಿ ಸಾರ್. ಇದು ಬೆಕ್ಕಿಂದು."

ಪಟ್ಟಿಯಲ್ಲಿ 'ಚಾಲನೆಗೆ ಅನರ್ಹ' ಎಂದು ಬರೆದು ನನಗೆ ತೋರಿಸಿದರು. ಅಕ್ಷರ ದುಂಡಗಿತ್ತು. ಅದರ ಕೆಳಗೆ ಇನ್ನೇನೋ ಬರೆದು, "ವಿಚಾರಣೆ ಕೌಂಟರಲ್ಲಿ ಕೂರ್ತೀರಾ? ಜನಕ್ಕೆ ಯಾವ ಬಸ್ಸು, ಯಾವ ದಾರಿ ಅಂತ ಹೇಳೋಕೆ?" ಎಂದು ಕೇಳಿದರು. ದಾರಿ ತಪ್ಪಿದವನನ್ನು ದಾರಿ ಹೇಳಲು ಕೂರಿಸುವ ಈ ಆಡಳಿತ ಕ್ರಮ ನಮ್ಮ ಡಿಪೋಗೆ ಮಾತ್ರ ಸಾಧ್ಯ. ಯೋಚಿಸಿ ಹೇಳ್ತೀನಿ ಎಂದೆ. ಇಳಿಯುವ ಮೊದಲು ಬಸ್ಸಿನ ಕೀ ಅವರ ಕೈಗೆ ಕೊಟ್ಟದ್ದು ನೆನಪಿದೆ. ಪೀಪಿ ನಿಲ್ದಾಣದ ತನಕ ಕೂತ್ಕೊಂಡು ಬಾ ಎಂದ. ಅವನ ಕಣ್ಣು ಕೆಂಪಾಗಿತ್ತು. ಧೂಳು ಬಹಳ ಇತ್ತು. ನಡೆದು ಬರ್ತೀನಿ ಎಂದೆ.

ಬಸ್ಸು ಎಡಕ್ಕೆ ಹೋಯಿತು. ನನ್ನ ಬಸ್ಸನ್ನು ಹಿಂದಿನಿಂದ ನೋಡಿದ್ದು ಇದೇ ಮೊದಲು. ಹಿಂದಿನ ಎಡಗಡೆಯ ದೀಪ ಉರಿಯುತ್ತಿಲ್ಲ, ಡಿಪೋಗೆ ತಿಳಿಸಬೇಕು.

ಅಜ್ಜಿಯ ಅಂಗಡಿಯಲ್ಲಿ ಟೀ ಕುಡಿದೆ. "ಸೀಟು ಹೋಯ್ತು ಅಜ್ಜಿ" ಎಂದೆ. "ಸದ್ಯ, ಇನ್ಮೇಲೆ ಯಾರಾದ್ರೂ ನನಗೆ ನಿಲ್ಲಿಸ್ತಾರೆ" ಎಂದು ಒಂದು ಬನ್ನೂ ಕೊಟ್ಟರು. ಮುರಿದ ನಲ್ಲಿಯನ್ನು ಯಾರೋ ರಿಪೇರಿ ಮಾಡಿದ್ದಾರೆ. ಮನೆಗೆ ಬಂದೆ.

ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದಳು. ಪೀಪಿ ಆಗಲೇ ಫೋನ್ ಮಾಡಿ ಅತ್ತಿದ್ದನಂತೆ.

"ಹೇಗೆ ಬಂದ್ರಿ?"

"ನಡ್ಕೊಂಡು."

"ಯಾವ ದಾರೀಲಿ?"

"ಯಾವ ದಾರಿ ಅಂದ್ರೆ? ಹಿಂದಿನಿಂದ. ಊಟ ಇದೆಯಾ?"

ತಟ್ಟೆ ಹಾಕಿದಳು. ಊಟ ಮುಗಿಸಿ ನಾನಿದನ್ನು ಬರೆಯುತ್ತಿರುವಾಗ ಎದುರಿನ ಕುರ್ಚಿಯಲ್ಲಿ ನನ್ನ ಆರೂ ಶರ್ಟುಗಳನ್ನು ರಾಶಿ ಹಾಕಿಕೊಂಡು ಕೂತಿದ್ದಾಳೆ. ಇನ್ಸ್‌ಪೆಕ್ಟರ್ ಅದರ ಮೇಲೆ ಮಲಗಿದೆ, ಓಡಿಸುತ್ತಿಲ್ಲ. ಚಿಕ್ಕ ಕತ್ತರಿಯಿಂದ ಒಂದೊಂದೇ ಕಾಲರಿನ ಹಿಂದಿನ ಬಿಳಿ ಚೀಟಿಯ ಹೊಲಿಗೆ ಬಿಚ್ಚುತ್ತಿದ್ದಾಳೆ. ಅಷ್ಟು ಅಂದವಾಗಿ ಹಾಕಿದ ಹೊಲಿಗೆ. ಒಗೆದು ಒಗೆದು ಅಂಕಿ ಮಾಸಿರಬೇಕು, ಹೊಸದು ಹಚ್ಚುತ್ತಾಳೆಂದು ಕಾಣುತ್ತದೆ. ಕಪ್ಪು ದಾರ ಮುಗಿದಿದ್ದರೆ ನಾಳೆ ತಂದುಕೊಡಬೇಕು.